ಪಂಪ್‌ಸೆಟ್ ಎಂಜಿನ್‌ಗೆ ಟೈಮಿಂಗ್ ಕೂರಿಸುವಾಗ ದೀಪದ ದೋಷಗಳನ್ನು ಗುರುತಿಸುವುದು ಹೇಗೆ?

ಹಳ್ಳ, ನಾಲೆ, ಕೆರೆಯಂಚು ಹಾಗೂ ಕೃಷಿ ಹೊಂಡಗಳಿಂದ ನೀರೆತ್ತಲು ಇಬ್ಬರು ಹೊತ್ತೊಯ್ಯಬಹುದಾದ ಸಣ್ಣ ಎಂಜಿನ್ ಪಂಪ್‌ಸೆಟ್‌ಗಳನ್ನು ನಮ್ಮ ರೈತರು ಬಹುಕಾಲದಿಂದ ಬಳಸುತ್ತಾ ಬಂದಿದ್ದಾರೆ. ವಿದ್ಯುತ್ ಪಂಪುಗಳು ಎಷ್ಟೇ ಹೆಚ್ಚಿದರೂ ಕಂಬ ಇಲ್ಲದ ಹೊಲಗಳಲ್ಲಿ ಇವುಗಳ ಕೆಲಸ ನಿಂತಿಲ್ಲ. ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವಂತೆ ತಯಾರಾದ, ಪಾಯಿಂಟ್ ಇರುವ ಹಳೆಯ ಎಂಜಿನ್‌ಗಳು ಇಂದಿಗೂ ಹಲವರ ಕೊಟ್ಟಿಗೆಯಲ್ಲಿವೆ. ಹಗ್ಗ ಎಳೆದಾಗ ಕೈಗೆ ಹಿಂದೇಟು ಕೊಡುವುದು, ಕಾದ ಮೇಲೆ ಶಕ್ತಿ ಕುಂದುವುದು, ಎಣ್ಣೆ ಹೆಚ್ಚು ಕುಡಿಯುವುದು, ಇವು ಇಂತಹ ಎಂಜಿನ್‌ಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರುಗಳು. ಇವುಗಳಿಗೆ ಬೇರೆ ಕಾರಣಗಳೂ ಇರಬಹುದು. ಆದರೆ ಕಿಡಿ ಹೊತ್ತುವ ಕಾಲ, ಅಂದರೆ ಟೈಮಿಂಗ್, ತಪ್ಪಿರುವುದು ಒಂದು ಮುಖ್ಯ ಕಾರಣ.

ಬೇಸಾಯಶಾಸ್ತ್ರದವನಿಗೆ ಎಂಜಿನ್ ವಿಷಯವೇಕೆ ಎಂದು ಓದುಗರು ಕೇಳಬಹುದು. ಕಾರಣವಿಷ್ಟೆ. ಮೆಕ್ಕೆಜೋಳ ಸೂಲಂಗಿ ಬಿಟ್ಟು ತೆನೆಯಲ್ಲಿ ರೇಷ್ಮೆ ಹೊರಬರುವ ಕಾಲದಲ್ಲಿ ನೀರಿನ ಕೊರತೆಯಾದರೆ ಕಾಳು ಕಟ್ಟುವುದಿಲ್ಲ. ಆಮೇಲೆ ಎಷ್ಟು ನೀರು ಕೊಟ್ಟರೂ ಆ ನಷ್ಟ ತುಂಬುವುದಿಲ್ಲ. ಶೇಂಗಾ ಹೂ ಬಿಟ್ಟು ಊಡು ಇಳಿಯುವ ಹಂತವೂ ಅಂತಹದೇ. ಇಂತಹ ಸಂದಿಗ್ಧ ಹಂತದಲ್ಲಿ ಪಂಪ್‌ಸೆಟ್ ನಾಲ್ಕು ದಿನ ಕೆಟ್ಟು ನಿಂತರೆ ಬೀಜ, ಗೊಬ್ಬರಗಳಿಗೆ ಹಾಕಿದ ಹಣವೆಲ್ಲ ಅದರ ಜೊತೆಯಲ್ಲೇ ನಿಲ್ಲುತ್ತದೆ. ನಾನು ನೋಡಿದ ಮಟ್ಟಿಗೆ, ಟೈಮಿಂಗ್ ಕೆಲಸದಲ್ಲಿ ಹೆಚ್ಚು ಹೊತ್ತು ಹೋಗುವುದು ಎಂಜಿನ್‌ನ ದೋಷದಿಂದಲ್ಲ, ಟೈಮಿಂಗ್ ನೋಡಲು ಬಳಸುವ ದೀಪ ಸರಿಯಾಗಿ ಕೆಲಸ ಮಾಡದೇ ಇರುವುದರಿಂದ. ದೀಪದ ಮಾತನ್ನು ನಂಬಿ ಸರಿಯಿದ್ದ ಪ್ಲೇಟನ್ನು ತಿರುಗಿಸಿಬಿಟ್ಟರೆ ಒಂದು ದೋಷ ಎರಡಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ದೀಪವನ್ನು ಪರೀಕ್ಷಿಸುವ ವಿಷಯಕ್ಕೆ ಹೆಚ್ಚು ಒತ್ತು ಕೊಟ್ಟಿದೆ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಅಲ್ಲಿ ಒತ್ತಡದಿಂದ ಕಾದ ಗಾಳಿಗೆ ಎಣ್ಣೆ ಸಿಂಪರಣೆಯಾಗಿ ತಾನೇ ಉರಿಯುತ್ತದೆ. ಹೀಗಾಗಿ ಟ್ರ್ಯಾಕ್ಟರ್, ಡೀಸೆಲ್ ಪಂಪ್‌ಸೆಟ್ ಮತ್ತು ಡೀಸೆಲ್ ಪವರ್ ಟಿಲ್ಲರ್‌ಗಳಿಗೆ ಕೆಳಗೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ.

ಟೈಮಿಂಗ್ ಎಂದರೇನು?

ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ಗಾಳಿ ಮತ್ತು ಎಣ್ಣೆಯ ಆವಿಯನ್ನು ಒತ್ತುತ್ತದೆ. ಪಿಸ್ಟನ್ ತುತ್ತತುದಿ ತಲುಪಿದ ಮೇಲೆ ಕಿಡಿ ಹೊತ್ತಿದರೆ ತಡವಾಯಿತೆಂದೇ ಅರ್ಥ. ಏಕೆಂದರೆ ಕಿಡಿಯಿಂದ ಹತ್ತಿದ ಉರಿ ಇಡೀ ಸಿಲಿಂಡರಿಗೆ ಹರಡಲು ಸ್ವಲ್ಪ ಕಾಲ ಬೇಕು. ಅದಕ್ಕಾಗಿ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಕೊಡುತ್ತಾರೆ. ಸಣ್ಣ ಎಂಜಿನ್‌ಗಳಲ್ಲಿ ಇದು ಸಾಮಾನ್ಯವಾಗಿ 20ರಿಂದ 25 ಡಿಗ್ರಿಯಷ್ಟು ಮುಂಚಿತವಾಗಿರುತ್ತದೆ. ನಿಮ್ಮ ಎಂಜಿನ್‌ಗೆ ಎಷ್ಟೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ ತಿಳಿಯಬೇಕು, ಪಕ್ಕದವರ ಎಂಜಿನ್ ನೋಡಿ ಅಲ್ಲ.

ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಆ ವೇಗದಲ್ಲಿ 20 ಡಿಗ್ರಿ ತಿರುಗಲು ಬೇಕಾಗುವ ಕಾಲ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಇದನ್ನು ಕಣ್ಣಿನಿಂದಾಗಲೀ ಕಿವಿಯಿಂದಾಗಲೀ ಅಳೆಯಲಾಗದು. ಆದರೆ ಫ್ಲೈವೀಲ್ ಮೇಲೆ ಅಳೆಯಬಹುದು. 20 ಸೆಂಟಿಮೀಟರ್ ಅಡ್ಡಳತೆಯ ಫ್ಲೈವೀಲಿನ ಅಂಚಿನಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 1.75 ಮಿಲಿಮೀಟರ್, 20 ಡಿಗ್ರಿ ಎಂದರೆ ಸುಮಾರು 35 ಮಿಲಿಮೀಟರ್. ಅನೇಕ ಎಂಜಿನ್‌ಗಳ ಫ್ಲೈವೀಲ್ ಮೇಲೆ ಎರಡು ಗೀರುಗಳನ್ನು ಕೊರೆದಿರುತ್ತಾರೆ. ಪಿಸ್ಟನ್ ತುದಿಯಲ್ಲಿರುವುದನ್ನು ತೋರಿಸುವ ಗೀರಿಗೆ ‘ಟಿ’ ಎಂದೂ, ಕಿಡಿ ಹೊತ್ತಬೇಕಾದ ಜಾಗಕ್ಕೆ ‘ಎಫ್’ ಎಂದೂ ಇಂಗ್ಲಿಷ್ ಅಕ್ಷರಗಳಿರುತ್ತವೆ. ಎಂಜಿನ್ ಒಡಲಿನ ಮೇಲಿನ ಸ್ಥಿರ ಗುರುತಿಗೆ ‘ಎಫ್’ ಗೀರು ನೇರ ಬಂದ ಗಳಿಗೆಯಲ್ಲಿ ಪಾಯಿಂಟ್ ಬಿಚ್ಚಿಕೊಳ್ಳಬೇಕು. ಪಾಯಿಂಟ್ ಬಿಚ್ಚಿದಾಗಲೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

ಕಿಡಿ ಅತಿ ಮುಂಚಿತವಾದರೆ ಪಿಸ್ಟನ್ ಮೇಲೇರುತ್ತಿರುವಾಗಲೇ ಉರಿಯ ಒತ್ತಡ ಎದುರಾಗುತ್ತದೆ. ಹಗ್ಗ ಹಿಮ್ಮುಖವಾಗಿ ಸೆಳೆಯುತ್ತದೆ. ಮಣಿಕಟ್ಟು ಉಳುಕುವುದೂ, ಮೂಳೆ ಮುರಿಯುವುದೂ ಉಂಟು. ಓಡುವಾಗ ಲೋಹಕ್ಕೆ ಲೋಹ ಬಡಿದಂತೆ ಸದ್ದು ಬರುತ್ತದೆ. ಸೀಮೆಎಣ್ಣೆ ಪೆಟ್ರೋಲಿಗಿಂತ ಬೇಗ ಬಡಿಯುವ ಗುಣದ್ದಾದ್ದರಿಂದ ಅದರಲ್ಲಿ ಓಡುವಾಗ ಈ ಸದ್ದು ಇನ್ನೂ ಹೆಚ್ಚು. ತಡವಾದರೆ ಎಂಜಿನ್ ಮಂದವಾಗುತ್ತದೆ, ಸೈಲೆನ್ಸರ್ ವಿಪರೀತ ಕಾಯುತ್ತದೆ, ಅದೇ ನೀರಿಗೆ ಹೆಚ್ಚು ಎಣ್ಣೆ ಖರ್ಚಾಗುತ್ತದೆ.

ಟೈಮಿಂಗ್ ನೋಡುವ ಮೊದಲು ಪಾಯಿಂಟ್ ಅಂತರವನ್ನು ಸರಿಪಡಿಸಲೇಬೇಕು. ಪಾಯಿಂಟ್ ಪೂರ್ತಿ ಬಿಚ್ಚಿದಾಗ ಫೀಲರ್ ಗೇಜಿನಿಂದ ಅಳೆಯಬೇಕು. ಸಣ್ಣ ಎಂಜಿನ್‌ಗಳಲ್ಲಿ ಇದು ಬಹುಮಟ್ಟಿಗೆ 0.3ರಿಂದ 0.4 ಮಿಲಿಮೀಟರ್. ಅಂತರ ಹೆಚ್ಚಿಸಿದರೆ ಪಾಯಿಂಟ್ ಬೇಗ ಬಿಚ್ಚುತ್ತದೆ, ಕಿಡಿ ಮುಂಚಿತವಾಗುತ್ತದೆ. ಕಡಿಮೆ ಮಾಡಿದರೆ ತಡವಾಗುತ್ತದೆ. ಟೈಮಿಂಗ್ ಕೂರಿಸಿದ ಮೇಲೆ ಅಂತರ ಮುಟ್ಟಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ದೀಪದಲ್ಲಿ ಎರಡು ಬಗೆ

ಮೊದಲನೆಯದು ಸೆಲ್ ದೀಪ. ಎರಡು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬು, ಎರಡು ತಂತಿ, ಎರಡು ಕ್ಲಿಪ್ಪು ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಎಂಜಿನ್ ನಿಂತಿರುವಾಗ ಇದನ್ನು ಬಳಸಬೇಕು. ಒಂದು ಕ್ಲಿಪ್ಪನ್ನು ಪಾಯಿಂಟಿನ ತಂತಿಗೂ ಇನ್ನೊಂದನ್ನು ಎಂಜಿನ್ ಒಡಲಿಗೂ ಹಾಕಿ ಫ್ಲೈವೀಲನ್ನು ಕೈಯಿಂದ ತಿರುಗಿಸಿದರೆ, ಪಾಯಿಂಟ್ ಕೂಡಿರುವಾಗ ದೀಪ ಉರಿಯುತ್ತದೆ, ಬಿಚ್ಚಿದಾಗ ಆರುತ್ತದೆ.

ಎರಡನೆಯದು ಮಿನುಗು ದೀಪ. ಅಂಗಡಿಗಳಲ್ಲಿ ಟೈಮಿಂಗ್ ಲೈಟ್ ಎಂದು ಕೇಳಿದರೆ ಕೊಡುವುದು ಇದನ್ನೇ. ನೋಡಲು ಪಿಸ್ತೂಲಿನಂತಿರುತ್ತದೆ. ಎಂಜಿನ್ ಓಡುತ್ತಿರುವಾಗ, ಪ್ಲಗ್ ತಂತಿಯಲ್ಲಿ ಕಿಡಿಯ ಕರೆಂಟು ಹರಿದಾಗಲೆಲ್ಲ ಇದು ಒಮ್ಮೆ ಮಿಂಚುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಗಳಿಗೆಯಲ್ಲಿ ಬೆಳಕು ಬೀಳುವುದರಿಂದ ತಿರುಗುವ ಗೀರು ಒಂದೇ ಕಡೆ ನಿಂತಂತೆ ಕಾಣುತ್ತದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಹೆರಾಲ್ಡ್ ಎಡ್ಗರ್ಟನ್ ಅವರು 1931ರಲ್ಲಿ ತಿರುಗುವ ಯಂತ್ರಗಳನ್ನು ನೋಡಲು ವಿದ್ಯುನ್ಮಾನ ಮಿನುಗು ದೀಪವನ್ನು ರೂಪಿಸಿದ್ದರು. ನಮ್ಮ ಫಿಟ್ಟರುಗಳ ಕೈಯಲ್ಲಿರುವುದರ ತತ್ವವೂ ಅದೇ.

ಪಾಯಿಂಟ್ ಇರುವ ಪಂಪ್‌ಸೆಟ್‌ಗೆ ಸೆಲ್ ದೀಪವೇ ಸಾಕು ಎಂಬುದು ನನ್ನ ಅಭಿಪ್ರಾಯ. ಮಿನುಗು ದೀಪವನ್ನು ಕೊಳ್ಳುವ ಅಗತ್ಯ ಒಬ್ಬ ರೈತನಿಗಿಲ್ಲ. ಊರಿಗೆ ಒಂದಿದ್ದರೆ ಸಾಲುತ್ತದೆ.

ಸೆಲ್ ದೀಪ ಆರದೇ ಇದ್ದರೆ

ಎಲ್ಲಕ್ಕಿಂತ ಹೆಚ್ಚು ಮಂದಿಯನ್ನು ಕಾಡುವ ತೊಂದರೆ ಇದು. ಫ್ಲೈವೀಲನ್ನು ಎಷ್ಟು ತಿರುಗಿಸಿದರೂ ದೀಪ ಉರಿಯುತ್ತಲೇ ಇರುತ್ತದೆ. ಪಾಯಿಂಟ್ ಬಿಚ್ಚುತ್ತಲೇ ಇಲ್ಲ ಎಂದು ತಿಳಿದು ಅಂತರ ಹೆಚ್ಚಿಸುತ್ತಾರೆ, ಪ್ಲೇಟ್ ತಿರುಗಿಸುತ್ತಾರೆ. ವಾಸ್ತವದಲ್ಲಿ ಪಾಯಿಂಟ್ ಸರಿಯಾಗಿಯೇ ಬಿಚ್ಚುತ್ತಿರುತ್ತದೆ.

ಫ್ಲೈವೀಲ್ ಮ್ಯಾಗ್ನೆಟ್‌ನ ಕಾಯಿಲಿನಲ್ಲಿ ದಪ್ಪ ತಂತಿಯ ಸುತ್ತೊಂದಿದೆ. ಅದರ ಒಂದು ತುದಿ ಪಾಯಿಂಟಿಗೆ, ಇನ್ನೊಂದು ತುದಿ ಎಂಜಿನ್ ಒಡಲಿಗೆ ಸೇರಿರುತ್ತದೆ. ಹೀಗಾಗಿ ಕರೆಂಟು ಒಡಲಿಗೆ ಹರಿಯಲು ಎರಡು ದಾರಿಗಳಿವೆ: ಒಂದು ಪಾಯಿಂಟಿನ ಮೂಲಕ, ಇನ್ನೊಂದು ಕಾಯಿಲಿನ ಮೂಲಕ. ತೂಬು ಮುಚ್ಚಿದರೂ ಪಕ್ಕದ ಕಾಲುವೆ ತೆರೆದೇ ಇದ್ದರೆ ನೀರು ಹೇಗೆ ನಿಲ್ಲುವುದಿಲ್ಲವೋ ಹಾಗೆಯೇ ಪಾಯಿಂಟ್ ಬಿಚ್ಚಿದರೂ ಕರೆಂಟು ಕಾಯಿಲಿನಲ್ಲಿ ಹರಿಯುತ್ತಲೇ ಇರುತ್ತದೆ. ದಪ್ಪ ಸುತ್ತಿನ ರೋಧ ಸಾಮಾನ್ಯವಾಗಿ ಒಂದು ಓಮ್‌ನ ಆಸುಪಾಸಿನಲ್ಲಿರುತ್ತದೆ. ಉರಿಯುವ ಟಾರ್ಚ್ ಬಲ್ಬಿನದು ಸುಮಾರು 8 ಓಮ್. ಎಂಟರ ಜೊತೆ ಒಂದು ಕೂಡಿದರೆ ದೀಪದ ಬೆಳಕು ತುಸು ಮಂಕಾಗುತ್ತದೆಯೇ ಹೊರತು ಆರುವುದಿಲ್ಲ. ಆ ತುಸು ಮಂಕು ಬಯಲಿನ ಬಿಸಿಲಿನಲ್ಲಿ ಕಾಣುವುದೂ ಇಲ್ಲ.

ಪರಿಹಾರ ಸುಲಭ. ಪಾಯಿಂಟಿನ ಸ್ಕ್ರೂ ಸಡಿಲಿಸಿ, ಅಲ್ಲಿಗೆ ಬರುವ ಕಾಯಿಲಿನ ತಂತಿಯನ್ನು ಬಿಡಿಸಿ, ಎಲ್ಲಿಗೂ ತಾಗದಂತೆ ಪಕ್ಕಕ್ಕಿಡಬೇಕು. ಕಂಡೆನ್ಸರಿನ ತಂತಿಯನ್ನು ಹಾಗೆಯೇ ಬಿಡಬಹುದು. ಒಳ್ಳೆಯ ಕಂಡೆನ್ಸರ್ ಮೂಲಕ ಸೆಲ್ಲಿನ ಕರೆಂಟು ಹರಿಯುವುದಿಲ್ಲ. ಈಗ ದೀಪ ಪಾಯಿಂಟಿನ ಮಾತನ್ನು ಮಾತ್ರ ಕೇಳುತ್ತದೆ. ಬಲ್ಬಿನ ಬದಲು 12 ವೋಲ್ಟ್ ಬ್ಯಾಟರಿಯಿಂದ ಪರೀಕ್ಷಿಸುವವರಂತೂ ಈ ತಂತಿಯನ್ನು ಬಿಡಿಸದೇ ಇರಕೂಡದು. ಹಳೆಯ ಮ್ಯಾಗ್ನೆಟ್‌ನ ಕಾಯಿಲಿನಲ್ಲಿ ಹೊರಗಿನ ಬ್ಯಾಟರಿಯ ಕರೆಂಟು ಹರಿಸುವುದು ಒಳ್ಳೆಯದಲ್ಲ.

ಇತ್ತೀಚೆಗೆ ಅನೇಕ ಯುವಕರು ದೀಪದ ಬದಲು ಮೀಟರಿನ ‘ಬೀಪ್’ ಸದ್ದನ್ನು ಬಳಸುತ್ತಾರೆ. ಒಮ್ಮೆ ಮೆಕ್ಕೆಜೋಳದ ತಾಕು ನೋಡಲು ಹೋಗಿದ್ದ ಊರಿನಲ್ಲಿ ನಾಲೆಯ ಏರಿಯ ಮೇಲೆ ಹೀಗೇ ಒಬ್ಬರು ಮೀಟರು ಹಿಡಿದು ಕುಳಿತಿದ್ದರು. “ಯಾವ ಕಡೆ ತಿರುಗಿಸಿದ್ರೂ ಕೂಗ್ತಾನೇ ಇದೆ ಸಾರ್, ಎರಡು ದಿನ ಆಯ್ತು” ಎಂದರು. ಪ್ಲೇಟು ಒಂದು ಕೊನೆಗೆ ಸರಿದು ನಿಂತಿತ್ತು. ಮೀಟರಿನ ಬೀಪ್ ಹತ್ತಿಪ್ಪತ್ತು ಓಮ್ ರೋಧ ಇದ್ದರೂ ಕೂಗುತ್ತದೆ. ಒಂದು ಓಮ್‌ನ ಕಾಯಿಲ್ ಅದಕ್ಕೆ ನೇರ ತಂತಿಯಂತೆಯೇ. ಕಾಯಿಲ್ ತಂತಿಯನ್ನು ಬಿಡಿಸಿದ ಕೂಡಲೇ ಸದ್ದು ಬಿಟ್ಟು ಬಿಟ್ಟು ಬರಲಾರಂಭಿಸಿತು. ಪ್ಲೇಟನ್ನು ಮೊದಲಿನ ಗುರುತಿಗೆ ತಂದು ನೋಡಿದಾಗ ಅದು ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಪ್ಲಗ್ಗಿನ ಮಸಿ ಒಂದೇ ನಿಜವಾದ ದೋಷ. ಆ ಎರಡು ದಿನಗಳಲ್ಲಿ ಎಲೆ ಸುರುಳಿಯಾಗಿದ್ದ ಬೆಳೆ ಅಂದು ಸಂಜೆ ನೀರು ಕಂಡಿತು.

ಕಾಯಿಲ್ ತಂತಿ ಬಿಡಿಸಿದ ಮೇಲೂ ದೀಪ ಆರದಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚನ್ನು ನೋಡಬೇಕು. ಈ ಸ್ವಿಚ್ ಎಂಜಿನ್ ನಿಲ್ಲಿಸುವುದೇ ಪಾಯಿಂಟ್ ತಂತಿಯನ್ನು ಒಡಲಿಗೆ ತಾಗಿಸುವ ಮೂಲಕ. ಅದು ‘ನಿಲ್ಲಿಸು’ ಕಡೆಗಿದ್ದರೆ, ಅಥವಾ ಅದರ ತಂತಿಯ ಹೊದಿಕೆ ಸವೆದು ಎಲ್ಲಾದರೂ ಕಬ್ಬಿಣಕ್ಕೆ ತಾಗುತ್ತಿದ್ದರೆ ದೀಪ ಆರದು. ಇಲಿ ಕಡಿದ ತಂತಿಗಳಲ್ಲಿ ಇದು ಸಾಮಾನ್ಯ. ಆ ತಂತಿಯನ್ನೂ ಬಿಡಿಸಿ ನೋಡಬೇಕು. ಆಮೇಲೂ ಆರದಿದ್ದರೆ ಕಂಡೆನ್ಸರಿನ ತಂತಿ ಬಿಡಿಸಿ. ಈಗ ಆರಿದರೆ ಕಂಡೆನ್ಸರ್ ಒಳಗೇ ಕೂಡಿಕೊಂಡಿದೆ, ಬದಲಾಯಿಸಬೇಕು. ಇಷ್ಟೆಲ್ಲ ಆದ ಮೇಲೂ ಉರಿಯುತ್ತಿದ್ದರೆ ಮಾತ್ರ ಪಾಯಿಂಟ್ ನಿಜವಾಗಿಯೂ ಬಿಚ್ಚುತ್ತಿಲ್ಲ, ಅಥವಾ ಅದರ ಬುಡದ ನಿರೋಧಕ ತುಂಡು ಒಡೆದಿದೆ ಎಂದು ತಿಳಿಯಬಹುದು.

ದೀಪ ಹೊತ್ತಿಕೊಳ್ಳದೇ ಇದ್ದರೆ

ಮೊದಲು ಎರಡೂ ಕ್ಲಿಪ್ಪುಗಳನ್ನು ಒಂದಕ್ಕೊಂದು ತಾಗಿಸಿ ನೋಡಬೇಕು. ಹೊತ್ತದಿದ್ದರೆ ಸೆಲ್ಲು ಅಥವಾ ಬಲ್ಬಿನ ದೋಷ. ಹೊತ್ತಿದರೆ ಎರಡನ್ನೂ ಎಂಜಿನ್ ಒಡಲಿನ ಎರಡು ಕಡೆ ಹಾಕಿ ನೋಡಿ. ಬಣ್ಣ ಬಳಿದ ಜಾಗ, ತುಕ್ಕು ಹಿಡಿದ ಬೋಲ್ಟು, ಎಣ್ಣೆ ಮೆತ್ತಿದ ಕಡೆ ಕ್ಲಿಪ್ ಹಾಕಿದರೆ ಕರೆಂಟು ಹರಿಯದು. ಬೋಲ್ಟಿನ ತಲೆಯನ್ನು ಕೆರೆದು ಹೊಳೆಯುವಂತೆ ಮಾಡಿ ಅಲ್ಲಿಗೆ ಹಾಕಬೇಕು.

ದೀಪ ಸರಿಯಿದ್ದೂ ಪಾಯಿಂಟಿನ ಮೇಲೆ ಹೊತ್ತದಿದ್ದರೆ, ಇಲ್ಲವೇ ಮಂಕಾಗಿ ಹೊತ್ತಿದರೆ, ಪಾಯಿಂಟಿನ ಮುಖ ಕೊಳೆಯಾಗಿದೆ. ಮಳೆಗಾಲದಲ್ಲಿ ಮೂರು ನಾಲ್ಕು ತಿಂಗಳು ಮೂಲೆಯಲ್ಲಿ ಕೂತ ಎಂಜಿನ್‌ನಲ್ಲಿ ಇದು ಇದ್ದದ್ದೇ. ಇಲ್ಲಿ ಎಲ್‌ಇಡಿ ದೀಪಕ್ಕಿಂತ ಹಳೆಯ ತಂತುವಿನ ಬಲ್ಬೇ ಮೇಲು. ಎಲ್‌ಇಡಿ ಅತ್ಯಲ್ಪ ಕರೆಂಟಿಗೂ ಬೆಳಗುತ್ತದೆ, ಕೊಳೆಯಾದ ಪಾಯಿಂಟಿನ ಮೂಲಕ ನುಸುಳಿ ಬಂದ ಕರೆಂಟಿಗೂ ಚೆನ್ನಾಗಿಯೇ ಉರಿದು ದೋಷವನ್ನು ಮುಚ್ಚಿಡುತ್ತದೆ. ಟಾರ್ಚ್ ಬಲ್ಬಿಗೆ ಸುಮಾರು 300 ಮಿಲಿ ಆಂಪಿಯರ್ ಬೇಕು; ಪಾಯಿಂಟ್ ಶುದ್ಧವಾಗಿಲ್ಲದಿದ್ದರೆ ಅದು ಒಪ್ಪುವುದಿಲ್ಲ. ಕಾಯಿಲಿಗೂ ಅದೇ ಅಗತ್ಯ.

ಪಾಯಿಂಟನ್ನು ತೆಳುವಾದ ಪಾಯಿಂಟ್ ಅರದಿಂದ ಒಂದೆರಡು ಸಲ ಉಜ್ಜಿದರೆ ಸಾಕು. ಎಮರಿ ಕಾಗದ ಬಳಸಬಾರದು, ಅದರ ಹರಳು ಮುಖದಲ್ಲಿ ನಾಟಿಕೊಳ್ಳುತ್ತದೆ. ಉಜ್ಜಿದ ಮೇಲೆ ಶುಭ್ರವಾದ ಬಿಳಿ ಕಾಗದದ ಚೂರನ್ನು ಪಾಯಿಂಟಿನ ನಡುವೆ ಸಿಕ್ಕಿಸಿ ಎಳೆಯಬೇಕು. ಕಾಗದದಲ್ಲಿ ಕಪ್ಪು ಗೆರೆ ಮೂಡದವರೆಗೂ ಎಳೆಯುತ್ತಿರಬೇಕು. ಹೊಸ ಪಾಯಿಂಟ್ ಹಾಕಿದಾಗಲೂ ಇದನ್ನು ಮಾಡುವುದು ಲೇಸು, ಅಂಗಡಿಯಿಂದ ಬರುವಾಗ ಅದಕ್ಕೆ ಜಿಡ್ಡು ಸವರಿರಬಹುದು.

ದೀಪ ಸರಿಯಾದ ಮೇಲೆ ಕೂರಿಸುವ ಕ್ರಮ

ಪ್ಲಗ್ ಬಿಚ್ಚಿಡಿ, ಫ್ಲೈವೀಲ್ ಹಗುರಾಗಿ ತಿರುಗುತ್ತದೆ. ಎಂಜಿನ್ ಓಡುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸುತ್ತಾ ದೀಪ ಆರಿದ ಗಳಿಗೆಯಲ್ಲಿ ನಿಲ್ಲಿಸಿ. ‘ಎಫ್’ ಗೀರು ಸ್ಥಿರ ಗುರುತಿಗೆ ನೇರ ಬಂದಿರಬೇಕು. ಗೀರು ಬರುವ ಮೊದಲೇ ಆರಿದರೆ ಕಿಡಿ ಮುಂಚಿತ. ದಾಟಿದ ಮೇಲೆ ಆರಿದರೆ ತಡ. ಗೀರು ದಾಟಿಹೋದರೆ ಅಲ್ಲಿಂದಲೇ ಹಿಂದಕ್ಕೆ ತಂದು ನೋಡಬಾರದು. ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಸವೆದ ಭಾಗಗಳ ಸಡಿಲ ಹೀಗೆ ಮಾಡಿದಾಗ ಮಾತ್ರ ಒಂದೇ ಕಡೆಗೆ ಬೀಳುತ್ತದೆ.

ಪ್ಲೇಟ್ ತಿರುಗಿಸಲು ಬರುವ ಎಂಜಿನ್‌ಗಳಲ್ಲಿ ಅದನ್ನು ಓಡುವ ದಿಕ್ಕಿಗೆ ವಿರುದ್ಧವಾಗಿ ಸರಿಸಿದರೆ ಕಿಡಿ ಮುಂಚಿತವಾಗುತ್ತದೆ, ಓಡುವ ದಿಕ್ಕಿಗೇ ಸರಿಸಿದರೆ ತಡವಾಗುತ್ತದೆ. ಪ್ಲೇಟ್ ಅಲುಗದಂತೆ ಕೂರಿಸಿರುವ ಎಂಜಿನ್‌ಗಳಲ್ಲಿ ಪಾಯಿಂಟ್ ಅಂತರವನ್ನೇ ಕೈಪಿಡಿಯ ಮಿತಿಯೊಳಗೆ ಹೆಚ್ಚು ಕಡಿಮೆ ಮಾಡಬೇಕು. ಆ ಮಿತಿಯಲ್ಲಿ ಗೀರು ಕೂಡದಿದ್ದರೆ ಪಾಯಿಂಟ್ ಸವೆದಿದೆ ಎಂದರ್ಥ. ಕೆಲಸ ಮುಗಿದ ಮೇಲೆ ಬಿಡಿಸಿದ ಕಾಯಿಲ್ ತಂತಿ ಮತ್ತು ಸ್ವಿಚ್ ತಂತಿಗಳನ್ನು ಮರಳಿ ಜೋಡಿಸಲು ಮರೆಯಬಾರದು. ‘ಟೈಮಿಂಗ್ ಮಾಡಿಸಿದ ಮೇಲೆ ಕಿಡಿಯೇ ಇಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ವೇಳೆ ಇರುವುದು ಇದೇ.

ದೀಪ ಸರಿ, ಗೀರು ಸರಿ, ಆದರೂ ಹಗ್ಗ ಹಿಂದಕ್ಕೆ ಸೆಳೆಯುತ್ತದೆ ಅಥವಾ ಎಂಜಿನ್ ಹತ್ತುವುದಿಲ್ಲ ಎಂದಾದರೆ ಫ್ಲೈವೀಲಿನ ನಟ್ಟು ಬಿಚ್ಚಿ ಕೀಯನ್ನು ನೋಡಬೇಕು. ದಂಡಕ್ಕೂ ಫ್ಲೈವೀಲಿಗೂ ನಡುವೆ ಇರುವ ಈ ಚಿಕ್ಕ ತುಂಡು ನಟ್ಟು ಸಡಿಲಾದಾಗ ಕತ್ತರಿಸಿಹೋಗಿ ಫ್ಲೈವೀಲ್ ಜಾರಿರುತ್ತದೆ. ಫ್ಲೈವೀಲೇ ಜಾರಿದ ಮೇಲೆ ಅದರ ಮೇಲಿನ ಗೀರಿಗೆ ಬೆಲೆಯಿಲ್ಲ. ಮೊಳೆಯ ಚೂರನ್ನು ಕೀಯಾಗಿ ಹಾಕುವ ರೂಢಿ ಕೆಲವು ಕಡೆ ಇದೆ, ಅದನ್ನು ಖಂಡಿತ ಮಾಡಬಾರದು. ಆ ಎಂಜಿನ್‌ಗೇ ತಯಾರಾದ ಕೀಯನ್ನೇ ತಂದು ಹಾಕಬೇಕು.

ಮಿನುಗು ದೀಪದ ತೊಂದರೆಗಳು

ಮಿನುಗು ದೀಪಕ್ಕೆ ಮೂರು ತಂತಿಗಳಿವೆ. ಕೆಂಪು ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ, ಮೂರನೆಯ ಚಿಮಟದಂತಹ ಹಿಡಿಕೆ ಪ್ಲಗ್ ತಂತಿಯ ಮೇಲೆ. ಪಂಪ್‌ಸೆಟ್‌ನಲ್ಲಿ ಬ್ಯಾಟರಿ ಇರುವುದಿಲ್ಲವಾದ್ದರಿಂದ ಟ್ರ್ಯಾಕ್ಟರ್ ಅಥವಾ ಮೋಟಾರ್ ಸೈಕಲ್ಲಿನ 12 ವೋಲ್ಟ್ ಬ್ಯಾಟರಿ ಬೇಕು. ಹಳೆಯ ವಾಹನಗಳ 6 ವೋಲ್ಟ್ ಬ್ಯಾಟರಿಗೆ ಈ ದೀಪ ಸರಿಯಾಗಿ ಮಿನುಗದು.

ಎಂಜಿನ್ ಓಡುತ್ತಿದ್ದೂ ದೀಪ ಮಿನುಗದಿದ್ದರೆ ಬ್ಯಾಟರಿ ಕ್ಲಿಪ್ಪುಗಳ ನಂತರ ನೋಡಬೇಕಾದದ್ದು ಚಿಮಟದ ಬಾಯಿ. ಅದರೊಳಗಿನ ಎರಡು ಕಪ್ಪು ತುಂಡುಗಳ ಮುಖ ಒಂದಕ್ಕೊಂದು ಪೂರ್ತಿ ಕೂಡಬೇಕು. ನಡುವೆ ಗ್ರೀಸು, ಮಣ್ಣು ಸೇರಿದ್ದರೆ, ಅಥವಾ ದಪ್ಪ ತಂತಿಗೆ ಹಾಕಿ ಬಾಯಿ ತುಸು ತೆರೆದುಕೊಂಡಿದ್ದರೆ ದೀಪಕ್ಕೆ ಕಿಡಿಯ ಸುಳಿವು ಸಿಗುವುದಿಲ್ಲ. ಚಿಮಟದ ಮೇಲೆ ಬಾಣದ ಗುರುತಿದ್ದರೆ ಅದು ಪ್ಲಗ್ಗಿನ ಕಡೆ ಮುಖ ಮಾಡಿರಬೇಕು. ಬೇರೆ ಬ್ಯಾಟರಿ ಬಳಸಿದಾಗ ಕೆಲವು ದೀಪಗಳು ಸರಿಯಾಗಿ ಮಿನುಗಲು ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಒಡಲಿಗೆ ಒಂದು ತಂತಿ ಎಳೆಯಬೇಕಾಗುತ್ತದೆ. ಇಷ್ಟಾದರೂ ಮಿನುಗದಿದ್ದರೆ ಚೆನ್ನಾಗಿ ಓಡುವ ಇನ್ನೊಂದು ಪೆಟ್ರೋಲ್ ಎಂಜಿನ್‌ಗೆ, ಮೋಟಾರ್ ಸೈಕಲ್ಲಾದರೂ ಸರಿ, ಹಾಕಿ ನೋಡಬೇಕು. ಅಲ್ಲಿ ಗೀರು ಕಾಣಬೇಕಿಲ್ಲ, ಒಂದೇ ಸಮನೆ ಮಿನುಗಿದರೆ ಸಾಕು. ಈ ಪರೀಕ್ಷೆ ಮಾಡದೆ ಕಾಯಿಲ್ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಕೊಳ್ಳುವುದು ಹಣ ಕಳೆದುಕೊಳ್ಳುವ ದಾರಿ.

ದೀಪ ಬಿಟ್ಟು ಬಿಟ್ಟು ಮಿನುಗಿದಾಗ ಕಣ್ಣು, ಕಿವಿ ಎರಡನ್ನೂ ಬಳಸಬೇಕು. ಮಿನುಗು ತಪ್ಪಿದಾಗಲೆಲ್ಲ ಎಂಜಿನ್‌ನ ಸದ್ದೂ ತಪ್ಪಿದರೆ ದೋಷ ಕಿಡಿಯಲ್ಲಿದೆ: ಪಾಯಿಂಟ್, ಕಂಡೆನ್ಸರ್, ಕಾಯಿಲ್ ನೋಡಬೇಕು. ಎಂಜಿನ್ ಮುಗ್ಗರಿಸುತ್ತಿದ್ದೂ ಮಿನುಗು ಒಂದೇ ಸಮನಾಗಿದ್ದರೆ ಕಾಯಿಲಿನಿಂದ ಕಿಡಿ ಹೊರಡುತ್ತಿದೆ. ಪ್ಲಗ್ ಬದಲಿಸಿ ನೋಡಿ, ಆಮೇಲೆ ಕಾರ್ಬುರೇಟರ್, ಎಣ್ಣೆಯಲ್ಲಿ ಸೇರಿದ ನೀರು, ಕಸ ಕಟ್ಟಿದ ಜಾಲರಿಗಳ ಕಡೆ ಗಮನ ಕೊಡಬೇಕು. ಎಂಜಿನ್ ಹದವಾಗಿ ಓಡುತ್ತಿದ್ದೂ ಮಿನುಗು ಮಾತ್ರ ತಪ್ಪುತ್ತಿದ್ದರೆ ದೋಷ ದೀಪದ್ದೇ, ಎಂಜಿನ್ನನ್ನು ಮುಟ್ಟಬೇಡಿ. ಟೈಮಿಂಗ್ ನೋಡುವುದಕ್ಕಿಂತ ಈ ತಾಳೆ ನೋಡುವುದರಲ್ಲೇ ಮಿನುಗು ದೀಪದ ಹೆಚ್ಚಿನ ಪ್ರಯೋಜನವಿದೆ ಎಂದು ಕೃಷಿ ಎಂಜಿನಿಯರಿಂಗ್ ವಿಭಾಗದ ನನ್ನ ಸಹೋದ್ಯೋಗಿಗಳು ಹೇಳುವುದುಂಟು. ನನಗೂ ಅದು ಸರಿಯೆನಿಸಿದೆ.

ಗೀರು ಒಂದೆಡೆ ನಿಲ್ಲದೆ ಅತ್ತಿತ್ತ ಕುಣಿಯುತ್ತಿದ್ದರೆ ಪಾಯಿಂಟಿನ ಸ್ಪ್ರಿಂಗ್ ಸೋತಿರಬಹುದು, ಪ್ಲೇಟ್ ಸಡಿಲವಿರಬಹುದು, ದಂಡದ ಬೇರಿಂಗ್ ಸವೆದಿರಬಹುದು. ಇಂತಹ ಎಂಜಿನ್‌ಗೆ ಟೈಮಿಂಗ್ ಕೂರಿಸಿ ಪ್ರಯೋಜನವಿಲ್ಲ, ಮೊದಲು ಸಡಿಲ ತೆಗೆಸಬೇಕು. ಗೀರು ಕಾಣಿಸದೇ ಇರುವುದಕ್ಕೆ ಸಾಮಾನ್ಯವಾಗಿ ಬಿಸಿಲೇ ಕಾರಣ. ಗೀರಿನ ಕೊಳೆ ತೆಗೆದು ಸುಣ್ಣವನ್ನೋ ಬಿಳಿ ಬಣ್ಣವನ್ನೋ ತುಂಬಿ ಸಂಜೆಯ ಹೊತ್ತು ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ.

ಡಿಗ್ರಿ ತಿರುಗಣೆ ಇರುವ ಬೆಲೆಬಾಳುವ ದೀಪಗಳಲ್ಲಿ ಇನ್ನೊಂದು ತೊಡಕಿದೆ. ಅವು ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದು ಕಿಡಿ ಎಂದು ಲೆಕ್ಕ ಹಾಕುತ್ತವೆ. ಆದರೆ ಫ್ಲೈವೀಲ್ ಮ್ಯಾಗ್ನೆಟ್ ಇರುವ ಬಹುತೇಕ ಸಣ್ಣ ಎಂಜಿನ್‌ಗಳಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ ಹಾರುತ್ತದೆ. ಅದರಲ್ಲಿ ಒಂದು ಹೊಗೆ ಹೊರಹೋಗುವಾಗ ಹಾರಿ ವ್ಯರ್ಥವಾಗುತ್ತದೆ. ಇದರಿಂದ ತಿರುಗಣೆ ಇದ್ದದ್ದರ ಎರಡರಷ್ಟು ತೋರಿಸುತ್ತದೆ. 20 ಡಿಗ್ರಿ ಇರುವಲ್ಲಿ 40 ಎಂದು ಕಂಡು ಗಾಬರಿಯಾಗಿ ಪ್ಲೇಟ್ ಸರಿಸಿದರೆ ಎಂಜಿನ್ ಸತ್ತಂತೆಯೇ. ತಿರುಗಣೆಯನ್ನು ಸೊನ್ನೆಯಲ್ಲಿಟ್ಟು ಗೀರನ್ನೇ ನೋಡುವುದು ಕ್ಷೇಮ.

ಹಳೆಯ ಪೆಟ್ರೋಲ್ ಜೀಪುಗಳು

ಮಲೆನಾಡು, ಕೊಡಗಿನ ತೋಟಗಳಲ್ಲಿ ವಿಲ್ಲೀಸ್ ಮಾದರಿಯ ಹಳೆಯ ಪೆಟ್ರೋಲ್ ಜೀಪುಗಳನ್ನು ಜೋಪಾನ ಮಾಡಿಟ್ಟುಕೊಂಡವರಿದ್ದಾರೆ. ಅವುಗಳಲ್ಲಿ ಬ್ಯಾಟರಿಯಿಂದ ಕಿಡಿ ಹುಟ್ಟುತ್ತದೆ. ಆದ್ದರಿಂದ ಸೆಲ್ ದೀಪದ ಬದಲು ಬ್ಯಾಟರಿಯ ವೋಲ್ಟೇಜಿಗೆ ತಕ್ಕ ಒಂದು ಬಲ್ಬನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಗೂ ಒಡಲಿಗೂ ನಡುವೆ ಹಾಕಿ ಚಾವಿ ತೆರೆಯಬೇಕು. ಇಲ್ಲಿ ಎಲ್ಲವೂ ತಲೆಕೆಳಗು: ಪಾಯಿಂಟ್ ಕೂಡಿರುವಾಗ ದೀಪ ಆರಿರುತ್ತದೆ, ಬಿಚ್ಚಿದಾಗ ಹೊತ್ತುತ್ತದೆ. ಪಂಪ್‌ಸೆಟ್ ರೂಢಿಯಲ್ಲಿ ದೀಪ ಆರುವ ಗಳಿಗೆಯನ್ನು ಹಿಡಿದರೆ ಟೈಮಿಂಗ್ ಪೂರ್ತಿ ತಪ್ಪುತ್ತದೆ. ಚಾವಿಯನ್ನು ಬಹಳ ಹೊತ್ತು ತೆರೆದಿಡಬಾರದು, ಕಾಯಿಲ್ ಕಾದು ಕೆಡುತ್ತದೆ.

ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್‌ಗೆ ತುದಿಗಿಂತ 5 ಡಿಗ್ರಿ ಮುಂಚೆ ಕಿಡಿ ಬೇಕು. ಕಿಡಿಯ ಸರದಿ 1-3-4-2. ಮಿನುಗು ದೀಪದ ಚಿಮಟವನ್ನು ರೇಡಿಯೇಟರ್ ಕಡೆಯ ಒಂದನೆಯ ಪ್ಲಗ್ಗಿನ ತಂತಿಗೆ ಹಾಕಬೇಕು. ಎರಡನೆಯದಕ್ಕೋ ಮೂರನೆಯದಕ್ಕೋ ಹಾಕಿದರೆ ಗೀರು ಎದುರು ಬದಿಗೆ ಹೋಗಿ ಕಣ್ಣಿಗೆ ಬೀಳುವುದೇ ಇಲ್ಲ. ಡಿಸ್ಟ್ರಿಬ್ಯೂಟರ್ ಎಂಜಿನ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದನ್ನು ಒಂದು ಡಿಗ್ರಿ ಸರಿಸಿದರೆ ಟೈಮಿಂಗ್ ಎರಡು ಡಿಗ್ರಿ ಬದಲಾಗುತ್ತದೆ ಎಂಬುದು ಗಮನದಲ್ಲಿರಲಿ.

ಎಚ್ಚರಿಕೆ

ಮಿನುಗು ದೀಪದ ಬೆಳಕಿನಲ್ಲಿ ಫ್ಲೈವೀಲ್ ಮತ್ತು ಅದರ ಫ್ಯಾನಿನ ರೆಕ್ಕೆಗಳು ನಿಂತೇ ಬಿಟ್ಟಂತೆ ಕಾಣುತ್ತವೆ. ಅವು ಸೆಕೆಂಡಿಗೆ ಹತ್ತಾರು ಸುತ್ತು ತಿರುಗುತ್ತಿರುತ್ತವೆ. ಗೀರನ್ನು ಒರೆಸಲು ಕೈ ಚಾಚಿದರೆ ಬೆರಳು ಉಳಿಯದು. ಹೆಗಲ ಮೇಲಿನ ಟವೆಲ್ಲು, ಪಂಚೆಯ ಅಂಚು, ದೀಪದ ತಂತಿಗಳು ಅತ್ತ ಇಳಿಬೀಳದಂತೆ ಮೊದಲೇ ಕಟ್ಟಿಕೊಳ್ಳಬೇಕು. ಮಕ್ಕಳಿಗೆ ದೀಪ ಹಿಡಿಯಲು ಕೊಡಬಾರದು.

ತೆರೆದ ಬಾವಿಯಲ್ಲಿ ನೀರು ಕೆಳಗಿಳಿದಾಗ ಎಂಜಿನ್ನನ್ನೇ ಬಾವಿಯೊಳಗಿನ ಹಲಗೆಯ ಮೇಲೆ ಇಳಿಸುವುದುಂಟು, ಏಕೆಂದರೆ ಪಂಪು 6ರಿಂದ 7 ಮೀಟರಿಗಿಂತ ಆಳದಿಂದ ನೀರನ್ನು ಸರಿಯಾಗಿ ಹೀರಲಾರದು. ಹಾಗೆ ಇಳಿಸಿದ ಎಂಜಿನ್‌ನ ಟೈಮಿಂಗನ್ನು ಅಲ್ಲಿಯೇ ಓಡಿಸಿ ನೋಡುವುದು ಪ್ರಾಣಕ್ಕೆ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯಂತಹ ಇಕ್ಕಟ್ಟಿನಲ್ಲಿ ಅದು ತುಂಬಿಕೊಂಡರೆ ಮನುಷ್ಯ ತಿಳಿಯುವಷ್ಟರಲ್ಲಿ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. ಎಂಜಿನ್ನನ್ನು ಮೇಲೆತ್ತಿ ಬಯಲಿನಲ್ಲಿಟ್ಟೇ ಕೆಲಸ ಮಾಡಬೇಕು. ಬಯಲಿನಲ್ಲಿ ಓಡಿಸಿ ನೋಡುವಾಗ ಪಂಪಿಗೆ ನೀರು ತುಂಬಿ, ಹೀರು ಕೊಳವೆ ನೀರಿನಲ್ಲಿರುವಂತೆ ನೋಡಿಕೊಳ್ಳಬೇಕು. ಒಣಗಿ ಓಡಿದರೆ ಪಂಪಿನ ಸೀಲ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಪಾಯಿಂಟ್ ಇಲ್ಲದ ಹೊಸ ಎಂಜಿನ್‌ಗಳು

ಈಗ ಬರುವ ಪೆಟ್ರೋಲ್ ಪಂಪ್‌ಸೆಟ್, ಕಳೆ ಕೊಚ್ಚುವ ಯಂತ್ರ ಹಾಗೂ ಪವರ್ ಸ್ಪ್ರೇಯರ್‌ಗಳಲ್ಲಿ ಪಾಯಿಂಟ್ ಇರುವುದಿಲ್ಲ. ವಿದ್ಯುನ್ಮಾನ ಕಾಯಿಲೇ ಕಿಡಿಯ ಕಾಲವನ್ನು ನಿರ್ಧರಿಸುತ್ತದೆ. ಇವುಗಳಲ್ಲಿ ಸರಿಹೊಂದಿಸಲು ಏನೂ ಇಲ್ಲದ್ದರಿಂದ ಸೆಲ್ ದೀಪಕ್ಕೆ ಕೆಲಸವಿಲ್ಲ. ಕಾಯಿಲಿಗೆ ಸೆಲ್ಲಿನ ತಂತಿ ಹಚ್ಚಿ ಪರೀಕ್ಷಿಸುವುದರಿಂದ ಅದು ಕೆಡಲೂಬಹುದು. ಮಿನುಗು ದೀಪದಿಂದ ಕಿಡಿ ಒಂದೇ ಸಮನೆ ಬರುತ್ತಿದೆಯೇ ಎಂದು ನೋಡಬಹುದು. ಹಗ್ಗ ಹಿಂದಕ್ಕೆ ಸೆಳೆದರೆ ಇಲ್ಲಿಯೂ ಮೊದಲು ನೋಡಬೇಕಾದದ್ದು ಫ್ಲೈವೀಲಿನ ಕೀ. ಅದು ಸರಿಯಿದ್ದರೆ ಕಾಯಿಲ್ ಬದಲಾಯಿಸಬೇಕಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಒಳಗಿನ ಆಯಿಲ್ ಕಡಿಮೆಯಾದರೆ ಕಿಡಿಯನ್ನೇ ನಿಲ್ಲಿಸುವ ವ್ಯವಸ್ಥೆಯಿದೆ. ಇಳಿಜಾರಿನ ಏರಿಯ ಮೇಲೆ ಓರೆಯಾಗಿಟ್ಟರೂ ಅದು ಕಿಡಿ ತಡೆಯಬಹುದು. ಕಾಯಿಲ್ ಕೊಳ್ಳಲು ಪೇಟೆಗೆ ಹೊರಡುವ ಮೊದಲು ಎಂಜಿನ್ನನ್ನು ಸಮತಟ್ಟು ಜಾಗದಲ್ಲಿಟ್ಟು ಆಯಿಲ್ ಕಡ್ಡಿ ಎತ್ತಿ ನೋಡಬೇಕು.